ಮೂರನೇ ಗಾಲಿಯ ಭಾರ

ಅಮೆರಿಕದ ಮುಕಿಲ್ಟಿಯೊದ ನಮ್ಮ ಮನೆಯಲ್ಲಿ ಅಡುಗೆಮನೆಗೂ ಗ್ಯಾರೇಜಿಗೂ ನಡುವೆ ಒಂದು ಬಾಗಿಲಿತ್ತು. ಅದು ಎಂದೂ ಸರಿಯಾಗಿ ಮುಚ್ಚಿದ್ದೇ ಇಲ್ಲ. ಒಗ್ಗರಣೆಯ ಘಾಟು ಗ್ಯಾರೇಜಿಗೂ ಪೆಟ್ರೋಲಿನ ವಾಸನೆ ಅಡುಗೆಮನೆಗೂ ಹೇಳದೆ ಕೇಳದೆ ಓಡಾಡಿಕೊಂಡಿದ್ದವು. ಅಮ್ಮ ಬಾಗಿಲಿನ ಬುಡಕ್ಕೆ ಹಳೆಯ ಟವೆಲ್ ತುರುಕಿ ನೋಡಿದಳು, ಊದುಬತ್ತಿ ಹಚ್ಚಿ ನೋಡಿದಳು, ಕೊನೆಗೆ ಕಿಟಕಿ ತೆರೆದಿಟ್ಟು ಸ್ವೆಟರ್ ಹಾಕಿಕೊಂಡೇ ಅಡುಗೆ ಮಾಡುವುದನ್ನು ರೂಢಿಸಿಕೊಂಡಳು. ನಾನು ಮೈಸೂರಿನಲ್ಲಿ ಮೂರನೇ ಕ್ಲಾಸು ಮುಗಿಸಿ ಆ ಮನೆಗೆ ಬಂದವಳು. ನನ್ನ ಕೋಣೆ ಗ್ಯಾರೇಜಿನ ನೆತ್ತಿಯ ಮೇಲಿತ್ತು. ಅಪ್ಪ ಮೋಟಾರ್ ಸೈಕಲ್ ತಂದು ನಿಲ್ಲಿಸಿದ ಮೇಲೆ ಅದರ ಎಂಜಿನ್ ತಣ್ಣಗಾಗುತ್ತಾ ಟಿಕ್ ಟಿಕ್ ಎನ್ನುವುದು ನನ್ನ ಕಾಲಡಿಯ ನೆಲದಿಂದ ಕೇಳಿಸುತ್ತಿತ್ತು. ಹೋಮ್‌ವರ್ಕ್ ಮಾಡುತ್ತಿದ್ದವಳು ಪೆನ್ಸಿಲ್ ಎತ್ತಿ ಹಿಡಿದು, ಆ ಸದ್ದು ನಿಲ್ಲಲಿ ಎಂದು ಕಾಯುತ್ತಿದ್ದೆ. ಕೆಳಗೆ ಯಾರೋ ಕೂತಿದ್ದಾರೆ, ನಾನು ಇಳಿದು ಬರಲಿ ಎಂದು ಅವರೂ ಕಾಯುತ್ತಿದ್ದಾರೆ ಎಂದು ಭಯವಾಗುತ್ತಿತ್ತು. ಈಗಲೂ ಆಗತಾನೇ ಎಂಜಿನ್ ಆರಿಸಿದ ಕಾರಿನ ಪಕ್ಕ ನಾನು ನಿಲ್ಲುವುದಿಲ್ಲ. ಏನಾದರೂ ನೆಪ ಹೇಳಿ ಮುಂದೆ ನಡೆದುಬಿಡುತ್ತೇನೆ.

ಅಪ್ಪ ಎವರೆಟ್‌ನ ವಿಮಾನ ಕಾರ್ಖಾನೆಯಲ್ಲಿ ಎಂಜಿನಿಯರ್. ದಿನವಿಡೀ ಕಂಪ್ಯೂಟರಿನ ಮುಂದೆ ಕೂತು ರೆಕ್ಕೆಯ ನಕ್ಷೆ ನೋಡುವುದೇ ಅವನ ಕೆಲಸ. ಕಣ್ಣೆದುರು ಅಷ್ಟು ದೊಡ್ಡ ವಿಮಾನಗಳು ನಿಂತಿದ್ದರೂ ಒಂದು ಸ್ಪ್ಯಾನರ್ ಮುಟ್ಟುವ ಭಾಗ್ಯ ಅವನಿಗಿರಲಿಲ್ಲ. ಅವನ ಅಪ್ಪ, ಅಂದರೆ ನನ್ನ ತಾತ, ಹಿಂದೆ ಮೈಸೂರಿನಲ್ಲಿದ್ದ ಮೋಟಾರ್ ಸೈಕಲ್ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದವನು. ತಾತನ ಗಾಡಿಗೆ ಎಡಗಡೆ ಒಬ್ಬರು ಕೂರುವಂಥ, ಒಂಟಿ ಗಾಲಿಯ ಒಂದು ಸೈಡ್‌ಕಾರ್ ಅಂಟಿಕೊಂಡಿತ್ತು. ಮನೆಯವರೆಲ್ಲ ಅದನ್ನು ಡಬ್ಬಿ ಎನ್ನುತ್ತಿದ್ದರಂತೆ. ಅಪ್ಪ ಗಾಡಿ ಓಡಿಸಲು ಕಲಿತದ್ದೇ ಆ ಡಬ್ಬಿಯ ಗಾಡಿಯಲ್ಲಿ. ಹಾಗಾಗಿ ಅಪ್ಪನ ವಿಮಾನ ಕಾರ್ಖಾನೆಯಿಂದಲೇ ರಿಟೈರ್ ಆಗಿ ಮರ್ಸರ್ ಐಲ್ಯಾಂಡ್‌ನ ಮಗಳ ಮನೆ ಸೇರಲು ಹೊರಟಿದ್ದ ಮಿಖೈಲೊ ಎಂಬ ಯುಕ್ರೇನಿನ ಮುದುಕರು ತಮ್ಮ ಹಳೆಯ ರಷ್ಯನ್ ಗಾಡಿಯನ್ನು ಕೊಟ್ಟುಬಿಡುತ್ತಾರೆ ಎಂದು ಕಿವಿಗೆ ಬಿದ್ದದ್ದೇ ತಡ, ಅಪ್ಪ ಅಮ್ಮನನ್ನು ಒಂದು ಮಾತೂ ಕೇಳದೆ ಹೋಗಿ ತಂದುಬಿಟ್ಟ. ಕಡು ಹಸಿರು ಬಣ್ಣ, ಎರಡೂ ಬದಿಗೆ ಕಿವಿಯಂತೆ ಚಾಚಿದ ಸಿಲಿಂಡರುಗಳು, ಬಲಗಡೆಗೆ ಮೂಗು ಚೂಪಾದ ಡಬ್ಬಿ. ಟ್ಯಾಂಕಿನ ಮೇಲೆ ರಷ್ಯನ್ ಅಕ್ಷರಗಳಲ್ಲಿ ಉರಾಲ್ ಎಂದು ಬರೆದಿತ್ತು. ಮುದುಕರು ಬೀಗದ ಕೈ ಕೊಟ್ಟ ಮೇಲೂ ಅಪ್ಪನ ತೋಳು ಹಿಡಿದುಕೊಂಡು ಬಹಳ ಹೊತ್ತು ಏನೋ ಹೇಳುತ್ತಿದ್ದರು. ಅಪ್ಪನ ಜೊತೆ ಹೋಗಿದ್ದ ನಾನು ದೂರದಲ್ಲಿದ್ದೆ. ಅವರು ಕೈಯನ್ನು ಚಪ್ಪಟೆ ಮಾಡಿ ಮತ್ತೆ ಮತ್ತೆ ಮೇಲಕ್ಕೆತ್ತಿ ಮಗುಚುತ್ತಿದ್ದುದು ಮಾತ್ರ ಕಂಡಿತು. ದೋಸೆ ಮಗುಚಿದ ಹಾಗೆ.

ಅಂದಿನಿಂದ ನಮ್ಮ ರಾತ್ರಿಯೂಟದ ಪುರಾಣ ಬದಲಾಯಿತು. ಅನ್ನ ಸಾರು ಕಲಸುತ್ತಾ ಅಪ್ಪ ಉರಾಲ್‌ನ ವಂಶವೃಕ್ಷ ಬಿಡಿಸುತ್ತಿದ್ದ. ಯುದ್ಧ ಶುರುವಾಗುವ ಮೊದಲು ರಷ್ಯದವರು ಜರ್ಮನಿಯ ಒಂದು ಮೋಟಾರ್ ಸೈಕಲ್ಲನ್ನು ಬೇರೆ ದೇಶದ ಮೂಲಕ ಗುಟ್ಟಾಗಿ ತರಿಸಿ, ಪೂರ್ತಿ ಬಿಚ್ಚಿ, ಒಂದೊಂದು ನಟ್ಟನ್ನೂ ಅಳೆದು ಅದರಂತೆಯೇ ಎಂ-72 ಮಾಡಿದರಂತೆ. ಜರ್ಮನರು ಮಾಸ್ಕೋ ಕಡೆಗೆ ನುಗ್ಗಿ ಬಂದಾಗ ಕಾರ್ಖಾನೆಯನ್ನೇ ಕಿತ್ತು ಉರಾಲ್ ಬೆಟ್ಟಗಳಾಚೆಯ ಇರ್ಬಿಟ್ ಎಂಬ ಊರಿಗೆ ಸಾಗಿಸಿದರಂತೆ. ಆ ಸಣ್ಣ ಊರಿನಲ್ಲಿ ಸಿಕ್ಕ ದೊಡ್ಡ ಕಟ್ಟಡವೆಂದರೆ ಬಿಯರ್ ಮಾಡುವ ಜಾಗ, ಅದೇ ಕಾರ್ಖಾನೆಯಾಯಿತು. ಅಲ್ಲಿಂದ ಗಾಡಿಗಳು ಹಿಮದಲ್ಲಿ ಸೀದಾ ಯುದ್ಧಕ್ಕೆ ಹೋದವು. ಯುದ್ಧ ಮುಗಿದ ಮೇಲೆ ಎಂ-61, ಎಂ-62, ಆಮೇಲೆ ನಮ್ಮ ಮನೆಯ ಎಂ-63, ಅದರ ನಂತರ ಎಂ-66, ಹನ್ನೆರಡು ವೋಲ್ಟಿನ ಎಂ-67. ಮಕ್ಕಳಿಗೆ ಮಗ್ಗಿ ಹೇಳಿಕೊಡುವ ಹಾಗೆ ನನಗೆ ಇದನ್ನೆಲ್ಲ ಬಾಯಿಪಾಠ ಮಾಡಿಸಿದ. ನನಗೆ ನೆನಪಿನಲ್ಲಿ ಉಳಿದದ್ದು ಮಾತ್ರ ಬೇರೆ ಒಂದು ವಿಷಯ.

"ಡಬ್ಬೀಲಿ ಯಾರ್ ಕೂತ್ಕೋತಿದ್ರು ಅಪ್ಪ?"

"ಮೆಷಿನ್ ಗನ್ ಇಟ್ಕೊಂಡು ಒಬ್ಬ ಸೋಲ್ಜರ್. ಓಡ್ಸೋನಿಗೆ ಮುಂದೆ ನೋಡೋ ಕೆಲ್ಸ. ಗುಂಡು ಬಂದ್ರೆ ಮೊದ್ಲು ಡಬ್ಬಿಗೇ."

"ಊಟ ಮಾಡೋವಾಗ ಮಗೂಗೆ ಹೇಳೋ ಮಾತೇನ್ರೀ ಇದು?" ಎಂದು ಅಮ್ಮ ಸೌಟು ಕುಕ್ಕಿದಳು. "ಮನೇಗೆ ಯುದ್ಧದ ಗಾಡಿ ತಂದಿದೀರ."

"ಯುದ್ಧದ್ದಲ್ಲ ವೀಣಾ. ಇದು ಎಂ-63. ಯುದ್ಧ ಮುಗಿದು ಎಷ್ಟೋ ವರ್ಷ ಆದ್ಮೇಲೆ ಬಂದಿದ್ದು. ಹಿಂದಿನ ಗಾಲಿಗೆ ಒಳ್ಳೇ ಸಸ್ಪೆನ್ಷನ್ ಕೊಟ್ಟಿದ್ದೇ ಇದ್ರಲ್ಲಿ."

"ಯಾವ್ದಾದ್ರೂ ಆಗ್ಲಿ. ಪುಟ್ಟಿನ ಅದ್ರಲ್ಲಿ ಕೂರಿಸ್ಬೇಡಿ."

"ಬೆಲ್ಟ್ ಇದೆ, ಹೆಲ್ಮೆಟ್ ಇದೆ. ಮೂರು ಗಾಲಿ ಇರೋ ಗಾಡಿ, ಬೀಳೋ ಮಾತೇ ಇಲ್ಲ."

ಆ ಕೊನೆಯ ಮಾತು ಸುಳ್ಳು. ಅದು ಸುಳ್ಳೆಂದು ಅಪ್ಪನಿಗೆ ಚೆನ್ನಾಗಿ ಗೊತ್ತಿತ್ತು. ಅವನು ಮುಚ್ಚಿಟ್ಟದ್ದನ್ನು ಇಲ್ಲೇ ಹೇಳಿಬಿಡುತ್ತೇನೆ, ನನಗೆ ತಿಳಿದದ್ದು ಮಾತ್ರ ಎಲ್ಲ ಮುಗಿದ ಮೇಲೆ. ಬಲಗಡೆ ಡಬ್ಬಿಯಿರುವ ಗಾಡಿಯನ್ನು ಬಲಕ್ಕೆ ತಿರುಗಿಸಿದರೆ ಡಬ್ಬಿ ಮೇಲಕ್ಕೇಳುತ್ತದೆ. ಅದರಲ್ಲಿ ಸಾಕಷ್ಟು ಭಾರವಿಲ್ಲದಿದ್ದರೆ ಗಾಲಿ ನೆಲ ಬಿಟ್ಟು, ಇಡೀ ಡಬ್ಬಿ ಓಡಿಸುವವನ ತಲೆಯ ಮೇಲಿಂದ ಮಗುಚಿಕೊಳ್ಳುತ್ತದೆ. ಮಿಖೈಲೊ ಅಂಗೈ ಮಗುಚಿ ಮಗುಚಿ ಹೇಳಿದ್ದು ಇದನ್ನೇ. ಡಬ್ಬಿಯಲ್ಲಿ ಯಾವಾಗಲೂ ಭಾರವಿರಲಿ, ಮಗು ಕೂತರೂ ಅದು ಖಾಲಿಯೆಂದೇ ತಿಳಿ ಎಂದಿದ್ದರಂತೆ. ಅವರು ಇಟ್ಟುಕೊಂಡಿದ್ದ ಮರಳಿನ ಚೀಲ ಹರಿದುಹೋಗಿತ್ತು. ಒಂದು ಭಾನುವಾರ ಬೆಳಿಗ್ಗೆ ಅಪ್ಪ ಖಾಲಿ ಪಾರ್ಕಿಂಗ್ ಲಾಟಿನಲ್ಲಿ ಒಬ್ಬನೇ ಪ್ರಾಕ್ಟೀಸ್ ಮಾಡಲು ಹೋದವನು ಮುಖ ಬಿಳಿಚಿಕೊಂಡು ಬಂದ. ಅವನ ಎಡಗಾಲಿನ ಶೂ ಒಂದು ಬದಿಗೆ ಪೂರ್ತಿ ಸವೆದುಹೋಗಿತ್ತು. ಏನಾಯಿತೆಂದು ಅಮ್ಮ ಕೇಳಿದ್ದಕ್ಕೆ ವಿಪರೀತ ಚಳಿ ಎಂದ. ಮಾರನೆಯ ದಿನ ಗ್ಯಾರೇಜಿನ ಮೂಲೆಯಲ್ಲಿ ಒಂದರ ಮೇಲೊಂದು ಪೇರಿಸಿದ್ದ ಸೋನಾ ಮಸೂರಿ ಚೀಲಗಳಲ್ಲಿ ಒಂದನ್ನು ಎತ್ತಿ, ಡಬ್ಬಿಯಲ್ಲಿ ಕಾಲಿಡುವ ಜಾಗಕ್ಕೆ ಇಳಿಸಿ, ಮೇಲೆ ಹಳೆಯ ಜಮಖಾನ ಹೊದಿಸಿದ. ಇದೇನೆಂದು ಕೇಳಿದೆ.

"ನಿಂಗೆ ಕಾಲಿಡೋಕೆ ಕಣೆ. ಕಾಲು ನೇತಾಡ್ತಾ ಇದ್ರೆ ನೋಯುತ್ತಲ್ಲ."

ಹೀಗೆ ಎಂ-72ರಿಂದ ಎಂ-67ರವರೆಗೆ ಎಲ್ಲವನ್ನೂ ಬಿಡಿಸಿ ಹೇಳಿದ ಮನುಷ್ಯ ಆ ಅಕ್ಕಿಚೀಲ ಅಲ್ಲೇಕಿದೆ ಎಂಬ ಒಂದನ್ನು ಯಾರಿಗೂ ಹೇಳಲಿಲ್ಲ. ಹೇಳಿದ್ದರೆ ಅಮ್ಮ ಆ ಗಾಡಿಯನ್ನು ಅಂದೇ ಮನೆಯಿಂದಾಚೆ ಹಾಕಿಸುತ್ತಿದ್ದಳು. ಶನಿವಾರ ಬಂತೆಂದರೆ ನನ್ನನ್ನು ಕೂರಿಸಿಕೊಂಡು ಗುಡ್ಡ ಇಳಿದು ಫೆರ್ರಿ ಹಡಗು ನಿಲ್ಲುವಲ್ಲಿಗೆ ಹೊರಡುತ್ತಿದ್ದ. ಡಬ್ಬಿಯೊಳಗಿಂದ ನೋಡಿದರೆ ರಸ್ತೆ ಮೊಣಕೈಗೆ ತಾಕುವಷ್ಟು ಹತ್ತಿರ, ಕಾರುಗಳ ಗಾಲಿ ನನ್ನ ಮುಖದಷ್ಟು ಎತ್ತರ. ಮಂಜಿನ ಬೆಳಿಗ್ಗೆ ಫೆರ್ರಿಯ ಸದ್ದು ಕೇಳಿಸುತ್ತಿತ್ತು, ಫೆರ್ರಿ ಕಾಣುತ್ತಿರಲಿಲ್ಲ. ನಾನು ಕೂತ ಸೀಟಿನಲ್ಲಿ ನನಗಿಂತ ಮೊದಲು ಕೂತಿದ್ದ ಸಿಪಾಯಿ ಇನ್ನೂ ಎದ್ದು ಹೋಗಿಲ್ಲ ಎಂದೇ ನಾನು ನಂಬಿದ್ದೆ. ಇದು ಯುದ್ಧಕ್ಕೆ ಹೋಗದ ಗಾಡಿ ಎಂದು ಅಪ್ಪ ಎಷ್ಟು ಹೇಳಿದರೂ, ಬಣ್ಣ ಕಿತ್ತುಬಂದ ಕಡೆ ಒಳಗೆ ಇನ್ನೊಂದು ಹಸಿರು ಕಾಣುತ್ತಿತ್ತಲ್ಲ. ಬರಲ್ಲ ಎನ್ನುವ ಧೈರ್ಯ ಮಾತ್ರ ಬರಲಿಲ್ಲ. ಹೆಲ್ಮೆಟ್ಟಿನ ಗಾಜಿನ ಹಿಂದೆ ಅಪ್ಪ ಆಫೀಸಿನಿಂದ ಬರುವ ಅಪ್ಪನಾಗಿರುತ್ತಿರಲಿಲ್ಲ. ಅವನಷ್ಟು ಸಂತೋಷವಾಗಿರುವುದನ್ನು ನಾನು ಬೇರೆಲ್ಲೂ ನೋಡಿರಲಿಲ್ಲ. ಮನೆಗೆ ಬಂದರೆ ಅಮ್ಮ ಸಿಂಕಿನ ಮುಂದೆ ಹಾಗೇ ನಿಂತಿರುತ್ತಿದ್ದಳು, ನಲ್ಲಿ ಹರಿಯುತ್ತಿರುತ್ತಿತ್ತು, ತೊಳೆಯಲು ಪಾತ್ರೆಯೇ ಇರುತ್ತಿರಲಿಲ್ಲ.

ಆ ವರ್ಷ ಬೇಸಿಗೆ ಮುಗಿಯುವ ಹೊತ್ತಿಗೆ ಮೈಸೂರಿನಿಂದ ಅಪ್ಪನ ಅಮ್ಮ, ನನ್ನ ಅಜ್ಜಿ, ಆರು ತಿಂಗಳಿಗೆಂದು ಬಂದಳು. ಬಂದವಳೇ ಮನೆಯ ವ್ಯವಹಾರವನ್ನೆಲ್ಲ ಕೈಗೆ ತೆಗೆದುಕೊಂಡಳು. ನನ್ನ ಕೈಯಲ್ಲಿ ದಿನಕ್ಕೊಂದು ಪುಟ ಕನ್ನಡ ಬರೆಸುವುದು, ಫ್ರಿಜ್ಜಿನಲ್ಲಿಟ್ಟ ಅನ್ನಕ್ಕೆ ಮೂಗು ಮುರಿಯುವುದು, ಊಟದ ತಟ್ಟೆಗೆ ಕಾಲು ತಗುಲಿದರೆ ಮೂರು ಸಲ ಕಣ್ಣಿಗೊತ್ತಿಕೊಳ್ಳಿಸುವುದು. ಕೆಳಗೆ ಬಿದ್ದ ಒಂದು ಅಗುಳನ್ನೂ ಯಾರೂ ತುಳಿಯುವ ಹಾಗಿರಲಿಲ್ಲ. ಅಪ್ಪ ಹೆಮ್ಮೆಯಿಂದ ಗ್ಯಾರೇಜಿಗೆ ಕರೆದೊಯ್ದು ಗಾಡಿ ತೋರಿಸಿದಾಗ ಅವಳು ಅದರ ಸುತ್ತ ಒಂದು ಸುತ್ತು ಬಂದು, ಬಲಗಡೆ ನಿಂತುಬಿಟ್ಟಳು. ತಾತನ ಗಾಡಿಯಲ್ಲಿ ಅವಳು ವರ್ಷಗಟ್ಟಲೆ ಕೂತು ಓಡಾಡಿದ್ದಳು.

"ಡಬ್ಬಿ ಈ ಕಡೆ ಯಾಕೋ ಬಂತು?"

"ಈ ದೇಶದಲ್ಲಿ ರಸ್ತೆ ಬಲಗಡೆ ಅಲ್ವೇನಮ್ಮ? ಅದಕ್ಕೆ ಡಬ್ಬೀನೂ ಬಲಗಡೆ."

"ನಿಂಗ್ ಗೊತ್ತು ಸರಿ. ನಿನ್ನ ಕೈಗೆ ಗೊತ್ತಾ? ನಿಮ್ಮಪ್ಪ ಅಷ್ಟು ವರ್ಷ ಓಡ್ಸಿದ್ರೂ ಎಡಕ್ಕೆ ತಿರುಗ್ಸೋವಾಗ ಬಾಯ್ ಮುಚ್ಕೊಂಡಿರೋರು. ನಾನು ಮಾತಾಡ್ಸಿದ್ರೂ ಉತ್ತರ ಕೊಡ್ತಿರ್ಲಿಲ್ಲ."

ಅಪ್ಪ ನಕ್ಕು ಮಾತು ತೇಲಿಸಿದ. ಅಮ್ಮ ನಗಲಿಲ್ಲ. ಬಾಗಿಲಲ್ಲಿ ನಿಂತು ಅಜ್ಜಿಯ ಮುಖವನ್ನೇ ನೋಡುತ್ತಿದ್ದಳು. ಇನ್ನೊಂದು ಮಾತು ಕೇಳಿದ್ದರೆ ಎಲ್ಲ ಹೊರಬರುತ್ತಿತ್ತೋ ಏನೋ, ಅಷ್ಟರಲ್ಲಿ ಕುಕ್ಕರ್ ಕೂಗಿತು, ಅವಳು ಒಳಗೆ ಓಡಿದಳು.

ಆಯುಧಪೂಜೆ ಬಂತು. ವಾರದ ನಡುವೆ ಬಂದ ಹಬ್ಬವನ್ನು ಅಲ್ಲಿ ಎಲ್ಲರೂ ಶನಿವಾರಕ್ಕೆ ತಳ್ಳುವವರೇ. ಅಜ್ಜಿಗೆ ಅದು ಸರಿಬರಲಿಲ್ಲ, ಗೊಣಗುತ್ತಲೇ ಒಪ್ಪಿದಳು. ಹಿಂದಿನ ವಾರವೆಲ್ಲ ಮಳೆ ಹನಿಯುತ್ತಲೇ ಇತ್ತು, ರಸ್ತೆಯ ಅಂಚಿಗೆ ಮೇಪಲ್ ಎಲೆಗಳು ಒದ್ದೆಯಾಗಿ ಅಂಟಿಕೊಂಡಿದ್ದವು. ಶನಿವಾರ ಬೆಳಿಗ್ಗೆ ಅಪ್ಪ ಹೂವು, ಬೂದುಗುಂಬಳ ತರಲು ಇಂಡಿಯನ್ ಸ್ಟೋರಿಗೆ ಹೋದ. ಅಮ್ಮ ಸ್ನಾನಕ್ಕೆ ಹೋದಳು. ಅಜ್ಜಿ ಸೆರಗು ಸಿಕ್ಕಿಸಿಕೊಂಡು ಬಕೆಟ್ಟು ಹಿಡಿದು ಗಾಡಿ ತೊಳೆಯಲು ಗ್ಯಾರೇಜಿಗೆ ಬಂದಳು, ಬಟ್ಟೆ ಹಿಂಡಿಕೊಡಲು ನಾನು ಜೊತೆಗಿದ್ದೆ. ಡಬ್ಬಿಯೊಳಗೆ ಒರೆಸಲು ಬಗ್ಗಿದವಳು ಜಮಖಾನ ಎಳೆದಳು. ಕೆಳಗೆ ಅಕ್ಕಿಚೀಲ. ಜಮಖಾನ ಸರಿದ ಕಡೆ ಚೀಲದ ಮೇಲೆ ನನ್ನ ಶೂಗಳ ಅಚ್ಚು. ಅಜ್ಜಿ ಬಕೆಟ್ಟನ್ನು ಕೆಳಗಿಟ್ಟಳು.

"ಇದನ್ನ ಯಾರೇ ಇಲ್ಲಿಟ್ಟಿದ್ದು?"

"ಅಪ್ಪ. ನಂಗೆ ಕಾಲಿಡೋಕೆ."

"ತಿನ್ನೋ ಅನ್ನದ ಮೇಲೆ ಕಾಲಾ? ಶೂ ಕಾಲಾ?" ಆ ಅಚ್ಚಿನ ಮೇಲೆ ಕೈಯಾಡಿಸಿದಳು. "ಕಾಲಿಡೋಕೆ ತಾನೆ, ಅದಕ್ಕೆ ಅಕ್ಕೀನೇ ಆಗ್ಬೇಕಾ?"

ಚೀಲ ಎತ್ತುವ ಶಕ್ತಿ ಅವಳಿಗಿರಲಿಲ್ಲ. ಅಂಚಿನವರೆಗೆ ಎಳೆದು, ಎದೆಗೆ ಆನಿಸಿಕೊಂಡು, ಏದುಸಿರು ಬಿಡುತ್ತಾ ಕೆಳಗಿಳಿಸಿದಳು. ಒದ್ದೆ ಬಟ್ಟೆಯಲ್ಲಿ ಶೂ ಗುರುತುಗಳನ್ನೆಲ್ಲ ಒರೆಸಿ, ಮುಟ್ಟಿ ಕಣ್ಣಿಗೊತ್ತಿಕೊಂಡು, ನನ್ನ ಕೈಯಲ್ಲೂ ಹಾಗೇ ಮಾಡಿಸಿ, ಅಡುಗೆಮನೆಯೊಳಕ್ಕೆ ಎಳೆದುಕೊಂಡು ಹೋದಳು. ಆಮೇಲೆ ಗ್ಯಾರೇಜಿನಲ್ಲಿ ಬಿದ್ದಿದ್ದ ಗಟ್ಟಿಯಾದ ರಟ್ಟಿನ ಪೆಟ್ಟಿಗೆಯೊಂದನ್ನು ಹುಡುಕಿ ಅದೇ ಜಾಗದಲ್ಲಿಟ್ಟು, ಜಮಖಾನ ಕೊಡವಿ ಮೊದಲಿಗಿಂತ ನೀಟಾಗಿ ಹೊದಿಸಿದಳು. ನೋಡಿದರೆ ಏನೂ ಬದಲಾಗಿರಲಿಲ್ಲ. ಹಬ್ಬದ ದಿನ ಮಗನನ್ನು ಬೈಯುವುದು ಬೇಡ, ನಾಳೆ ವಿಚಾರಿಸಿಕೊಳ್ಳುತ್ತೇನೆ ಎಂದು ಗೊಣಗಿಕೊಂಡು ಆ ಚೀಲವನ್ನೇ ಬಿಚ್ಚಿ ಅಡುಗೆಗೆ ಅಕ್ಕಿ ಅಳೆದಳು. ಚಿತ್ರಾನ್ನ, ಬೇಳೆ ಪಾಯಸ, ಕೋಸಂಬರಿ. ಪೂಜೆಗೆ ಮೊದಲೇ ಎಲ್ಲರೂ ಊಟಕ್ಕೆ ಕೂತೆವು, ಮಳೆ ಬಿಡಲಿ ಎಂದು. ಅಪ್ಪ ಚಿತ್ರಾನ್ನವನ್ನು ಎರಡು ಸಲ ಬಡಿಸಿಕೊಂಡ.

"ಅನ್ನ ಎಷ್ಟು ಉದುರುದುರಾಗಿದೆ ಅಮ್ಮ. ವೀಣಾ, ಈ ಅಕ್ಕಿ ಚೆನ್ನಾಗಿದೆ, ಇನ್ಮೇಲೆ ಇದನ್ನೇ ತರೋಣ."

ಅಜ್ಜಿ ತಲೆಯೆತ್ತದೆ ಅವನ ತಟ್ಟೆಗೆ ಇನ್ನಷ್ಟು ಹಾಕಿದಳು.

ಮಳೆ ನಿಂತಿತು. ಡ್ರೈವ್‌ವೇಯಲ್ಲಿ ಗಾಡಿ ನಿಲ್ಲಿಸಿ, ಹ್ಯಾಂಡಲಿಗೆ ಸೇವಂತಿಗೆ ಹಾರ ಹಾಕಿ, ಹೆಡ್‌ಲೈಟಿಗೆ ಕುಂಕುಮವಿಟ್ಟು, ಮಂಗಳಾರತಿ ಮಾಡಿದರು. ಎದುರು ಮನೆಯವರು ಕಿಟಕಿಯಿಂದ ನೋಡುತ್ತಿದ್ದರು. ಮೂರು ಗಾಲಿಗೆ ಮೂರು ನಿಂಬೆಹಣ್ಣು. ಮೊದಲ ಸುತ್ತಿಗೆ ಅಜ್ಜಿ ಡಬ್ಬಿಯಲ್ಲಿ ಕೂರಬೇಕೆಂದು ಅಪ್ಪನ ಆಸೆ. ಅವಳು ಕೂತಿದ್ದರೆ ಏನೂ ಆಗುತ್ತಿರಲಿಲ್ಲ, ಅವಳ ಮೈಭಾರವೇ ಸಾಕಿತ್ತು. ಅವಳು ಕೂರಲಿಲ್ಲ.

"ನಿಮ್ಮಪ್ಪನ ಪಕ್ಕ ಕೂತಿದ್ದು ಸಾಕು. ಮಗು ಕೂರ್ಲಿ."

ನನ್ನನ್ನು ಕೂರಿಸಿ, ಬೆಲ್ಟ್ ಬಿಗಿದು, ಅಪ್ಪ ಜಮಖಾನದ ಮೇಲಿದ್ದ ನನ್ನ ಕಾಲುಗಳನ್ನು ಒಮ್ಮೆ ನೋಡಿದ. ಅವು ಎಂದಿನಷ್ಟೇ ಎತ್ತರದಲ್ಲಿದ್ದವು. ಅವನಿಗೆ ಸಮಾಧಾನವಾಯಿತು. ಗಾಡಿ ಮುಂದೆ ಸರಿದಾಗ ಹಿಂದಿನ ಗಾಲಿಯ ನಿಂಬೆಹಣ್ಣು ಪಚ್ಚೆಂದು ಒಡೆಯಿತು, ಮುಂದಿನದೂ ಒಡೆಯಿತು. ಡಬ್ಬಿಯ ಗಾಲಿಯದು ಒಡೆಯದೆ ಪಕ್ಕಕ್ಕೆ ಜಾರಿ ಇಳಿಜಾರಿನಲ್ಲಿ ಉರುಳಿಹೋಯಿತು.

"ನಿಲ್ಸೋ, ನಿಂಬೆಹಣ್ಣು ಒಡೀಲಿಲ್ಲ," ಎಂದು ಅಜ್ಜಿ ಕೂಗುತ್ತಾ ಅದರ ಹಿಂದೆ ಹೋದಳು. ಎಂಜಿನ್ನಿನ ಸದ್ದಿನಲ್ಲಿ ಅಪ್ಪನಿಗೆ ಕೇಳಿಸಲಿಲ್ಲ. ನಾನು ತಿರುಗಿ ನೋಡಿದೆ. ಅಮ್ಮ ಎರಡೂ ಕೈಗಳನ್ನು ಎದೆಗೆ ಒತ್ತಿಕೊಂಡು ಗ್ಯಾರೇಜಿನ ಬಾಗಿಲಲ್ಲಿ ನಿಂತಿದ್ದಳು.

ನೀರಿನ ಕಡೆಗೆ ಇಳಿಯುವ ರಸ್ತೆಯಲ್ಲಿ ಬಲಕ್ಕೆ ಒಂದು ತಿರುವಿದೆ. ಅಪ್ಪ ಅಲ್ಲಿ ಹತ್ತಾರು ಸಲ ಗಾಡಿ ತಿರುಗಿಸಿದ್ದ, ಅಕ್ಕಿಯ ಭಾರದ ಮೇಲೆ ನಂಬಿಕೆಯಿಟ್ಟು ತಿರುಗಿಸಿದ್ದ. ಆ ದಿನವೂ ಹಾಗೆಯೇ ತಿರುಗಿಸಿದ. ನನಗೆ ಮೊದಲು ತಿಳಿದದ್ದು ಗಾಲಿಯ ಸದ್ದು ನಿಂತದ್ದು. ಆಮೇಲೆ ರಸ್ತೆ ನನ್ನಿಂದ ದೂರ ಹೋಗತೊಡಗಿತು. ನಾನು ಮೇಲೇಳುತ್ತಿದ್ದೆ, ಅಪ್ಪನ ಹೆಲ್ಮೆಟ್ಟು ನನ್ನ ಕೆಳಗೆ ಬಂತು. ಹ್ಯಾಂಡಲನ್ನು ಎಡಕ್ಕೆ ಕೊಟ್ಟಿದ್ದರೆ ಡಬ್ಬಿ ಇಳಿಯುತ್ತಿತ್ತು. ತಾತನ ಗಾಡಿಯಲ್ಲಿ ಡಬ್ಬಿ ಎದ್ದಾಗ ಬಲಕ್ಕೆ ಕೊಡಬೇಕಿತ್ತು. ಅಪ್ಪನ ಕೈ ಬಲಕ್ಕೇ ಕೊಟ್ಟಿತು. ನಿನ್ನ ಕೈಗೆ ಗೊತ್ತಾ ಎಂದು ಅಜ್ಜಿ ಕೇಳಿದ್ದು ಅದನ್ನೇ ಅಲ್ಲವೇ.

ಗಾಡಿ ಎಡಕ್ಕೆ ಮಗುಚಿಕೊಂಡಿತು. ನಾನು ಬೆಲ್ಟಿನಲ್ಲಿ ನೇತಾಡುತ್ತಾ ಅಪ್ಪನ ಮೇಲ್ಗಡೆ ಇದ್ದೆ. ನನಗೆ ತರಚಿದ ಗಾಯ ಬಿಟ್ಟರೆ ಏನೂ ಆಗಿರಲಿಲ್ಲ. ಅಪ್ಪನ ಎಡಗಾಲು ಗಾಡಿಯ ಕೆಳಗಿತ್ತು, ಅದು ಇರಬೇಕಾದ ದಿಕ್ಕಿಗೆ ಇರಲಿಲ್ಲ. ನನ್ನ ಪಕ್ಕದಲ್ಲಿ ಮೂರನೇ ಗಾಲಿ ಗಾಳಿಯಲ್ಲಿ ಸುಮ್ಮನೆ ತಿರುಗುತ್ತಿತ್ತು. ಪೆಟ್ರೋಲು ಹನಿಹನಿಯಾಗಿ ಒದ್ದೆ ಎಲೆಗಳ ಮೇಲೆ ಬೀಳುತ್ತಿತ್ತು. ಜಮಖಾನ ರಸ್ತೆಗೆ ಬಿದ್ದಿತ್ತು, ಅದರಾಚೆ ಖಾಲಿ ರಟ್ಟಿನ ಪೆಟ್ಟಿಗೆ ಗಾಳಿಗೆ ಮೆಲ್ಲಗೆ ಜರುಗುತ್ತಿತ್ತು. ಅಪ್ಪ ಕಿರುಚಲಿಲ್ಲ. ಅವನು ಆ ಪೆಟ್ಟಿಗೆಯನ್ನೇ ನೋಡುತ್ತಿದ್ದ.

"ಪುಟ್ಟಿ, ಅಕ್ಕಿ ಎಲ್ಲಿ?"

ಎಂಜಿನ್ ಟಿಕ್ ಟಿಕ್ ಎನ್ನತೊಡಗಿತ್ತು. ಜನ ಓಡಿಬಂದು ನನ್ನನ್ನು ಬಿಡಿಸುವವರೆಗೂ ನಾನು ಅದನ್ನು ಕೇಳುತ್ತಾ ನೇತಾಡುತ್ತಿದ್ದೆ.

ಎವರೆಟ್‌ನ ಆಸ್ಪತ್ರೆಯಲ್ಲಿ, ಆಪರೇಷನ್ ಆದ ಮರುದಿನ, ಅಪ್ಪ ಕೇಳಿದ ಪ್ರಶ್ನೆಯನ್ನು ನಾನು ಅಮ್ಮನಿಗೆ ಹೇಳಿದೆ. ಬಿದ್ದು ಕಾಲು ಮುರಿದುಕೊಂಡವನು ಅಕ್ಕಿ ಏಕೆ ಕೇಳಿದ ಎಂದು ನನಗೆ ಅರ್ಥವಾಗಿರಲಿಲ್ಲ. ಅಮ್ಮನಿಗೂ ಆಗಲಿಲ್ಲ, ಅವನನ್ನೇ ಕೇಳಿದಳು. ಅವನು ಛಾವಣಿ ನೋಡುತ್ತಾ ಮುದುಕರ ಎಚ್ಚರಿಕೆ, ಪಾರ್ಕಿಂಗ್ ಲಾಟು, ಅಕ್ಕಿಚೀಲ, ಎಲ್ಲವನ್ನೂ ಹೇಳಿದ. ನಾನು ಅಜ್ಜಿ ಮಾಡಿದ್ದನ್ನು ಹೇಳಿದೆ.

"ಗೊತ್ತಿದ್ದೂ ಅವಳನ್ನ ಕೂರಿಸ್ಕೊಂಡು ಹೋಗ್ತಿದ್ರಿ," ಎಂದಳು ಅಮ್ಮ. ಅವಳ ದನಿ ಏರಿರಲೇ ಇಲ್ಲ. ಏರಿದ್ದರೆ ಚೆನ್ನಾಗಿತ್ತು.

"ನನ್ನ ಏನ್ ಬೇಕಾದ್ರೂ ಅನ್ನು ವೀಣಾ. ಅಮ್ಮಂಗೆ ಮಾತ್ರ ಹೇಳ್ಬೇಡ. ತಾನು ಅಕ್ಕಿ ತೆಗೆದಿದ್ದಕ್ಕೆ ಹೀಗಾಯ್ತು ಅಂತ ಗೊತ್ತಾದ್ರೆ ಅವ್ಳು ಇನ್ನು ಅನ್ನ ಮುಟ್ಟಲ್ಲ."

"ಹೇಳಲ್ಲ. ನಿಮಗೋಸ್ಕರ ಅಲ್ಲ, ಅತ್ತೆಗೋಸ್ಕರ. ಪುಟ್ಟಿ, ನೀನೂ ಹೇಳ್ಕೂಡ್ದು. ಯಾವತ್ತೂ."

ನಾನು ತಲೆಯಾಡಿಸಿದೆ. ಹೇಳದೆ ಇರುವುದರಿಂದ ಏನಾಗುತ್ತದೆ ಎಂಬುದು ಎದುರಿಗೇ ಮಲಗಿತ್ತು, ಆದರೂ ತಲೆಯಾಡಿಸಿದೆ. ಮನೆಯಲ್ಲಿ ಅಜ್ಜಿ ಆ ಚೀಲದ ಅಕ್ಕಿಯನ್ನೇ ದಿನವೂ ಬೇಯಿಸಿದಳು, ಅದು ಮುಗಿಯುವವರೆಗೆ ಅಮ್ಮನೂ ನಾನೂ ಹೊಟ್ಟೆತುಂಬ ಉಂಡದ್ದಿಲ್ಲ. ಗಾಡಿಯನ್ನು ಯಾರೋ ಟ್ರಕ್ಕಿನಲ್ಲಿ ಎತ್ತಿಕೊಂಡು ಹೋದರು. ಅಡುಗೆಮನೆಗೆ ಪೆಟ್ರೋಲಿನ ವಾಸನೆ ಬರುವುದು ನಿಂತಿತು. ಅಪ್ಪನ ಎಡಗಾಲು ಮತ್ತೆ ಮೊದಲಿನಂತಾಗಲಿಲ್ಲ. ಅವನು ಕುಂಟುತ್ತಾ ನಡೆಯುವ ಸದ್ದು ಕೇಳಿಸಿದಾಗಲೆಲ್ಲ ಅಮ್ಮ ಮಾಡುತ್ತಿದ್ದ ಕೆಲಸ ನಿಲ್ಲಿಸುತ್ತಾಳೆ. ನನ್ನ ಮುಂದೆ ಯಾರಾದರೂ ಮಾತಿನ ನಡುವೆ ಒಂದು ಕ್ಷಣ ತಡೆದರೆ, ಇವರು ಏನನ್ನು ಮುಚ್ಚಿಟ್ಟರು ಎಂದು ನಾನು ಹುಡುಕತೊಡಗುತ್ತೇನೆ. ಈ ಚಾಳಿ ನನ್ನನ್ನು ಬಿಟ್ಟಿಲ್ಲ, ಬಿಡುವುದೂ ಇಲ್ಲ.

ಅಜ್ಜಿಗೆ ಈಗ ಕಣ್ಣು ಸರಿಯಾಗಿ ಕಾಣುವುದಿಲ್ಲ. ಪ್ರತಿ ಆಯುಧಪೂಜೆಗೆ ಮೈಸೂರಿನಿಂದ ವೀಡಿಯೊ ಕಾಲ್ ಮಾಡಿ, ಫೋನನ್ನು ಕಿವಿಗೆ ಹಿಡಿದುಕೊಂಡು ಮಾತಾಡುತ್ತಾಳೆ. ಹಾಗಾಗಿ ನಮಗೆ ಕಾಣುವುದು ಅವಳ ಓಲೆ ಮತ್ತು ಬಿಳಿ ಕೂದಲು ಮಾತ್ರ. ಹೋದ ವರ್ಷವೂ ಅದೇ ಮಾತು ಹೇಳಿದಳು. ಬಂಧುಬಳಗಕ್ಕೆಲ್ಲ ಅವಳು ಹೇಳಿಕೊಂಡು ಬಂದಿರುವ ಮಾತು ಅದು.

"ಆವತ್ತು ಬೆಳಿಗ್ಗೆ ನಾನು ಆ ಅಕ್ಕೀನ ಕಾಲ್ಕೆಳಗಿಂದ ಎತ್ತಿ ಒಳಗಿಟ್ಟೆನಲ್ಲ, ಅದಕ್ಕೇ ಕಣೆ ಅನ್ನಪೂರ್ಣೆ ನಿನ್ನ ಕಾಪಾಡಿದ್ದು. ಎತ್ತದೆ ಇದ್ದಿದ್ರೆ ಏನಾಗ್ತಿತ್ತು ಹೇಳು."

ಸೋಫಾದ ಮೇಲೆ ಕಾಲು ಚಾಚಿ ಕೂತಿದ್ದ ಅಪ್ಪ ಕಣ್ಣು ಮುಚ್ಚಿಕೊಂಡ. ಅಡುಗೆಮನೆಯಲ್ಲಿ ಅಮ್ಮ ನಲ್ಲಿ ತಿರುಗಿಸಿದ ಸದ್ದು ಕೇಳಿಸಿತು.

"ಹೌದಜ್ಜಿ," ಎಂದೆ. "ಎತ್ತದೆ ಇದ್ದಿದ್ರೆ ನಾನು ಇರ್ತಿರ್ಲಿಲ್ಲ."